ಆಂಜಿಯೊಗ್ರಾಂನಲ್ಲಿ ಏನೂ ಇಲ್ಲ, ಆದರೂ ‘ಹಾರ್ಟ್ ಬ್ಲಾಕ್’ ಎಂದರು. ಇದು ಯಾವ ಬ್ಲಾಕ್?

ಅಡಿಕೆತೋಟ, ಸಾಗರ

ಅಪ್ಪಯ್ಯನಿಗೆ 71 ವರ್ಷ. ಕೊನೆಕೊಯ್ಲಿನ ಹೊತ್ತಿನಲ್ಲಿ ತೋಟದಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಿದ್ದರು. ಬಿಸಿಲಿಗೆ ಹಾಗಾಯಿತು ಎಂದುಕೊಂಡೆವು. ಮೂರನೆಯ ಸಲ ಅಂಗಳದಲ್ಲೇ ಬಿದ್ದರು. ಅರ್ಧ ನಿಮಿಷದಲ್ಲಿ ಎದ್ದು ಕುಳಿತು, ಏನೂ ಆಗಿಲ್ಲ ಎನ್ನುವಂತೆ ನೀರು ಕೇಳಿದರು. ಊರಿನ ವೈದ್ಯರು ಮಣಿಕಟ್ಟು ಹಿಡಿದು ಎಣಿಸಿದರೆ ನಿಮಿಷಕ್ಕೆ 34 ಬಡಿತ. ಕೂಡಲೇ ಶಿವಮೊಗ್ಗಕ್ಕೆ ಕಳಿಸಿದರು. ಇಸಿಜಿ ನೋಡಿ ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ ಎಂದರು. ಆಮೇಲೆ ಆಂಜಿಯೊಗ್ರಾಂ ಮಾಡಿ ರಕ್ತನಾಳಗಳೆಲ್ಲ ಚೆನ್ನಾಗಿವೆ ಎಂದೂ ಅವರೇ ಹೇಳಿದರು. ಈಗ ತಾತ್ಕಾಲಿಕವಾಗಿ ಒಂದು ತಂತಿ ಹಾಕಿದ್ದಾರೆ, ನಾಳಿದ್ದು ಪೇಸ್‌ಮೇಕರ್ ಅಳವಡಿಸಬೇಕಂತೆ.

ಮನೆಯಲ್ಲಿ ಗಲಾಟೆ ಎದ್ದಿದೆ. ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೆ ಯಂತ್ರ ಏಕೆ, ದುಡ್ಡಿಗಾಗಿ ಹೇಳುತ್ತಿದ್ದಾರೆ ಎಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಅವರಿಗೆ ಉತ್ತರ ಹೇಳಲು ನನಗೇ ಗೊತ್ತಿಲ್ಲ. ಬ್ಲಾಕ್ ಇಲ್ಲ, ಆದರೆ ಬ್ಲಾಕ್ ಇದೆ ಎಂದರೆ ಏನು ಅರ್ಥ? ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ಇಸಿಜಿ ತಂತ್ರಜ್ಞೆ

ಮಗಳೇ, ಮೊದಲು ಇದನ್ನು ದೊಡ್ಡಪ್ಪನಿಗೆ ಓದಿ ಹೇಳು. ಮನೆಗೆ ನೀರಿನ ಪೈಪೂ ಬರುತ್ತದೆ, ಕರೆಂಟಿನ ತಂತಿಯೂ ಬರುತ್ತದೆ. ಆಂಜಿಯೊಗ್ರಾಂ ನೋಡುವುದು ಪೈಪನ್ನು. ನಿನ್ನ ಅಪ್ಪಯ್ಯನಿಗೆ ಕೆಟ್ಟಿರುವುದು ತಂತಿ. ಎರಡಕ್ಕೂ ನಾವು ‘ಬ್ಲಾಕ್’ ಎಂಬ ಒಂದೇ ಮಾತು ಬಳಸುವುದರಿಂದ ಎಷ್ಟೋ ಮನೆಗಳಲ್ಲಿ ಇದೇ ಜಗಳ ನಡೆದದ್ದನ್ನು ಇಸಿಜಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಅವರ ಇಸಿಜಿ ಹಾಳೆಯಲ್ಲಿ ಚಿಕ್ಕ ಗುಡ್ಡದಂಥ ‘ಪಿ’ ಅಲೆಗಳು ತಮ್ಮ ಪಾಡಿಗೆ ನಿಮಿಷಕ್ಕೆ 70–80ರಂತೆ ಸಾಲಾಗಿ ಹೋಗುತ್ತಿರುತ್ತವೆ. ಎತ್ತರದ ‘ಕ್ಯೂಆರ್‌ಎಸ್’ ಶಿಖರಗಳು ಅವುಗಳ ಗೊಡವೆಯೇ ಇಲ್ಲದೆ ನಿಮಿಷಕ್ಕೆ 34 ಮಾತ್ರ ಇರುತ್ತವೆ. ಮೇಲಿನ ಕೋಣೆಗಳ ಕೂಗು ಕೆಳಗಿನ ಕೋಣೆಗಳಿಗೆ ತಲುಪುತ್ತಿಲ್ಲ ಎಂದು ಅದರ ಅರ್ಥ. ಇದಕ್ಕೆ ಕಾಯಂ ಮಾತ್ರೆ ಇಲ್ಲ. ಆ ಕೂಗನ್ನು ಕೆಳಗೆ ತಲುಪಿಸುವುದೇ ಪೇಸ್‌ಮೇಕರ್ ಕೆಲಸ. ತಡ ಮಾಡಬೇಡಿ.

ಪಿಯು ಜೀವಶಾಸ್ತ್ರ ಮೇಷ್ಟ್ರು

ಅಮ್ಮ ಹೇಳಿದ್ದಕ್ಕೆ ನಾನು ಸ್ವಲ್ಪ ಒಳಗಿನ ವಿವರ ಸೇರಿಸುತ್ತೇನೆ. ಇದು ನನಗೆ ಬಹಳ ಪ್ರಿಯವಾದ ಪಾಠ, ಉದ್ದವಾದರೆ ಕ್ಷಮಿಸಿ.

ಹೃದಯದ ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಮೇಲ್ಭಾಗದಲ್ಲಿ, ಮಹಾಸಿರೆ ಬಂದು ಸೇರುವಲ್ಲಿ, ಒಂದರಿಂದ ಎರಡು ಸೆಂಟಿಮೀಟರ್ ಉದ್ದದ ಒಂದು ತುಣುಕು ಸ್ನಾಯು ಇದೆ. ಅದೇ ಎಸ್‌ಎ ನೋಡ್. ಅದರ ಜೀವಕೋಶಗಳಿಗೆ ಯಾರೂ ಅಪ್ಪಣೆ ಕೊಡಬೇಕಿಲ್ಲ. ಹಳೆಯ ಕಾಲದ ಗಳಿಗೆ ಬಟ್ಟಲನ್ನು ನೆನೆಸಿಕೊಳ್ಳಿ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ನೀರು ಒಳಗೆ ಜಿನುಗಿ ಜಿನುಗಿ ಒಂದು ಮಟ್ಟ ಮುಟ್ಟಿದೊಡನೆ ಬಟ್ಟಲು ಮುಳುಗುತ್ತಿತ್ತು. ಒಂದು ಗಳಿಗೆ ಆಯಿತೆಂದು ಗಂಟೆ ಬಾರಿಸಿ, ಬಟ್ಟಲನ್ನು ಬರಿದು ಮಾಡಿ ಮತ್ತೆ ತೇಲಿಬಿಡುತ್ತಿದ್ದರು. ಎಸ್‌ಎ ನೋಡ್‌ನ ಕೋಶವೂ ಇಂಥದೇ ಬಟ್ಟಲು. ಅದರ ಒಳಗು ಹೊರಗಿಗಿಂತ ಸುಮಾರು 60 ಮಿಲಿವೋಲ್ಟ್‌ನಷ್ಟು ಋಣ. ಪೊರೆಯಲ್ಲಿರುವ ಕಿರುದಾರಿಗಳಿಂದ ಸೋಡಿಯಂ ಅಯಾನುಗಳು ನಿಧಾನವಾಗಿ ಒಳಗೆ ಸೋರುತ್ತವೆ. ಋಣ 40ರ ಹತ್ತಿರ ಬಂದೊಡನೆ ಕ್ಯಾಲ್ಸಿಯಂ ಬಾಗಿಲುಗಳು ತೆರೆದುಕೊಂಡು ವಿಭವ ಮೇಲೇರುತ್ತದೆ. ಅದೇ ಗಂಟೆಯ ಹೊಡೆತ. ಪೊಟ್ಯಾಷಿಯಂ ಹೊರಗೆ ಹರಿದು ಬಟ್ಟಲು ಬರಿದಾಗುತ್ತದೆ, ಸೋರಿಕೆ ಮತ್ತೆ ಮೊದಲಾಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೀಗೆ ನಡೆಯುತ್ತದೆ. ಸುಮ್ಮನಿರಬೇಕಾದ ಹೊತ್ತಿನಲ್ಲಿ ತೆರೆದುಕೊಳ್ಳುವ ಈ ಸೋಡಿಯಂ ದಾರಿ 1979ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡಿಫ್ರಾನ್ಸೆಸ್ಕೊ, ಬ್ರೌನ್ ಮತ್ತು ನೋಬಲ್ ಅವರಿಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಅದಕ್ಕೆ ‘ಫನ್ನಿ ಕರೆಂಟ್’ ಎಂಬ ಹೆಸರೇ ನಿಂತುಬಿಟ್ಟಿತು.

ಅಲ್ಲಿಂದ ಸಂಕೇತ ಎರಡೂ ಹೃತ್ಕರ್ಣಗಳ ಮೇಲೆ ಹರಡುತ್ತದೆ. ಅವು ಹಿಂಡಿ ರಕ್ತವನ್ನು ಕೆಳಕ್ಕೆ ತಳ್ಳುತ್ತವೆ. ಮೇಲಿನ ಕೋಣೆಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ವಿದ್ಯುತ್ತನ್ನು ಹಾಯಗೊಡದ ನಾರಿನ ಗೋಡೆಯಿದೆ. ಆ ಗೋಡೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಿಂಡಿ. ಅದರ ಬಾಯಲ್ಲಿ ಎವಿ ನೋಡ್ ಕುಳಿತಿದೆ. ಇಲ್ಲಿ ಸಂಕೇತ ಸೆಕೆಂಡಿಗೆ ಬರೀ ಐದು ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜಾಣತನ ಇರುವುದು ಈ ತಡದಲ್ಲಿ. ಮೇಲಿನ ರಕ್ತ ಕೆಳಗಿಳಿದು ಕೋಣೆ ತುಂಬುವ ತನಕ ಕೆಳಗಿನ ಸ್ನಾಯು ಕಾಯಬೇಕು. ಕಾಯದೆ ಎರಡೂ ಒಟ್ಟಿಗೆ ಹಿಂಡಿದರೆ ರಕ್ತ ಎಲ್ಲಿಗೆ ಹೋಗಬೇಕು?

ಆ ಕಿಂಡಿ ದಾಟಿದ ಮೇಲೆ ‘ಹಿಸ್’ ಕಟ್ಟು, ಅದರ ಎಡ ಬಲ ಕವಲುಗಳು, ಕೊನೆಗೆ ಪರ್ಕಿಂಜೆ ತಂತುಗಳ ಬಲೆ. ಇಲ್ಲಿ ವೇಗ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್. ಸಂಕೇತ ಹೃದಯದ ತುದಿಯತ್ತ ಧಾವಿಸಿ ಅಲ್ಲಿಂದ ಮೇಲಕ್ಕೆ ಹರಡುತ್ತದೆ. ರಕ್ತ ಹೊರಹೋಗುವ ಬಾಗಿಲುಗಳು ಮೇಲಿರುವುದರಿಂದ, ಪೇಸ್ಟ್ ಟ್ಯೂಬನ್ನು ತಳದಿಂದ ಒತ್ತಿಕೊಂಡು ಬಂದ ಹಾಗೆ ಹಿಂಡಬೇಕು. ಸಾಗರದ ಹಿರಿಯರಿಗೆ ಸೋತಿರುವುದು ಈ ಕಿಂಡಿಯ ಸುತ್ತಲಿನ ದಾರಿ. ವಯಸ್ಸಾದಂತೆ ಆ ತಂತುಗಳ ಜಾಗದಲ್ಲಿ ನಾರು ಬೆಳೆಯುವುದು ಇದಕ್ಕೆ ಸಾಮಾನ್ಯ ಕಾರಣ.

ಇದನ್ನು ಕಂಡುಹಿಡಿದವರು ತುದಿಯಿಂದ ಬುಡಕ್ಕೆ ಬಂದರು ಎನ್ನುವುದೇ ಸೊಗಸು. ಪರ್ಕಿಂಜೆ 1839ರಲ್ಲಿ ಕೊನೆಯ ಬಲೆಯನ್ನು ಕುರಿಯ ಹೃದಯದಲ್ಲಿ ನೋಡಿದರು. 1893ರಲ್ಲಿ ವಿಲ್ಹೆಲ್ಮ್ ಹಿಸ್ ಕಟ್ಟನ್ನು, 1906ರಲ್ಲಿ ಜರ್ಮನಿಯಲ್ಲಿದ್ದ ಜಪಾನಿನ ಸುನಾವೊ ತವಾರಾ ಎವಿ ನೋಡನ್ನು ಕಂಡರು. ಎಲ್ಲಕ್ಕೂ ಮೂಲವಾದ ಎಸ್‌ಎ ನೋಡ್ ಕೊನೆಗೆ ಸಿಕ್ಕಿದ್ದು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ. ಸಿಕ್ಕಿದ್ದು ನೆಲ ಬಗೆಯುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ. ಅವನೂ ಅವನ ಗುರು ಆರ್ಥರ್ ಕೀತ್ ಅವರೂ 1907ರಲ್ಲಿ ಅದನ್ನು ಪ್ರಕಟಿಸಿದರು.

ಓದುಗ, ದಾವಣಗೆರೆ

ಮೇಷ್ಟ್ರೇ, ಒಂದು ಸಂದೇಹ. ಹೃದಯಕ್ಕೆ ಅಪ್ಪಣೆ ಕೊಡುವುದು ಮೆದುಳು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಹೆದರಿದರೆ ಎದೆ ಹೊಡೆದುಕೊಳ್ಳುತ್ತದೆಯಲ್ಲ?

ಡಿಎಂ ಹೃದ್ರೋಗ ವಿದ್ಯಾರ್ಥಿನಿ

ಮೆದುಳು ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ, ಬಡಿತವನ್ನು ಹುಟ್ಟಿಸುವುದಿಲ್ಲ. ಕಸಿ ಮಾಡುವಾಗ ದಾನಿಯ ಹೃದಯದ ನರಗಳನ್ನೆಲ್ಲ ಕತ್ತರಿಸಿಯೇ ತೆಗೆಯಬೇಕು. ಹೊಸ ಎದೆಯಲ್ಲಿ ಅದಕ್ಕೆ ಮೆದುಳಿನ ಸಂಪರ್ಕ ಇರುವುದಿಲ್ಲ. ಆದರೂ ಅದು ಬಡಿಯುತ್ತದೆ, ಅದೂ ನಿಮಿಷಕ್ಕೆ 90–110ರಂತೆ, ನಮ್ಮದಕ್ಕಿಂತ ಜೋರಾಗಿ. ಅಂದರೆ ಎಸ್‌ಎ ನೋಡ್‌ನ ಸ್ವಂತ ವೇಗ ಸುಮಾರು 100. ವಿಶ್ರಾಂತಿಯಲ್ಲಿರುವಾಗ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಲಗಾಮು ಎಳೆದು ಅದನ್ನು 70ಕ್ಕೆ ಇಳಿಸಿರುತ್ತದೆ. ಹೆದರಿದಾಗ ಮೊದಲು ಸಡಿಲವಾಗುವುದು ಆ ಲಗಾಮು, ಆಮೇಲೆ ಅಡ್ರಿನಲಿನ್ ಚಾಟಿ.

ವೇಗಸ್ ಹೇಗೆ ಎಳೆಯುತ್ತದೆ ಎನ್ನುವುದನ್ನು 1921ರಲ್ಲಿ ಒಟ್ಟೊ ಲೋವಿ ಎರಡು ಕಪ್ಪೆ ಹೃದಯಗಳಿಂದ ತೋರಿಸಿದರು. ಒಂದು ಹೃದಯದ ವೇಗಸ್ ನರವನ್ನು ಕೆರಳಿಸಿ ನಿಧಾನವಾಗಿಸಿದರು. ಅದು ಮುಳುಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು. ನರದಿಂದ ಒಂದು ರಾಸಾಯನಿಕ ಇಳಿದಿರಬೇಕು ಎಂಬುದು ಹೀಗೆ ಖಚಿತವಾಯಿತು. ಅದೇ ಅಸಿಟೈಲ್‌ಕೋಲೀನ್.

ಅಡಿಕೆತೋಟದವರಿಗೆ ಒಂದು ಮಾತು. 34 ಬಡಿತ ಎಲ್ಲಿಂದ ಬರುತ್ತಿದೆ ಎಂದು ನೀವು ಕೇಳಲಿಲ್ಲ, ಆದರೆ ತಿಳಿಯಬೇಕಾದದ್ದು ಅದೇ. ಮೇಲಿನ ಸಂಕೇತ ಬಾರದಿದ್ದಾಗ ಕೆಳಗಿನ ಕೋಶಗಳು ತಾವೇ ಬಡಿತ ಹುಟ್ಟಿಸುತ್ತವೆ. ಎವಿ ನೋಡ್ ಸುತ್ತಿನವು 40–60, ಇನ್ನೂ ಕೆಳಗಿನವು 20–40. ನಿಮ್ಮ ತಂದೆ ಈಗ ನಿಂತಿರುವುದು ಕೊನೆಯ ಈ ಕಾವಲುಗಾರನ ಮೇಲೆ. ಅವನನ್ನು ನೆಚ್ಚುವ ಹಾಗಿಲ್ಲ, ಕೆಲವು ಸೆಕೆಂಡು ಸುಮ್ಮನಾದರೂ ಮೆದುಳಿಗೆ ರಕ್ತ ನಿಂತು ಬೀಳುತ್ತಾರೆ. ಅಂಗಳದಲ್ಲಿ ಆದದ್ದು ಅದೇ ಇರಬೇಕು. ಡಬ್ಲಿನ್‌ನ ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ಇಂಥ ರೋಗಿಗಳನ್ನೇ ವರ್ಣಿಸಿದ್ದಾರೆ. ಆಗ ಅವರ ಕೈಯಲ್ಲಿ ಚಿಕಿತ್ಸೆ ಇರಲಿಲ್ಲ, ಈಗ ಇದೆ.

ಲೈನ್‌ಮನ್, ತೀರ್ಥಹಳ್ಳಿ

ನಾನು ಇಪ್ಪತ್ತೆರಡು ವರ್ಷದಿಂದ ಕಂಬ ಹತ್ತುತ್ತಿದ್ದೇನೆ. ತಂತಿ ಎಂಬ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ತಂತಿಯಲ್ಲಿ ಸ್ವಿಚ್ ಹಾಕಿದ ಕ್ಷಣಕ್ಕೆ ಆ ತುದಿಯ ಬಲ್ಬ್ ಉರಿಯುತ್ತದೆ. ಸೆಕೆಂಡಿಗೆ ಐದು ಸೆಂಟಿಮೀಟರ್ ಎಂದರೆ ಇರುವೆಯ ನಡಿಗೆ. ಅದನ್ನು ವಿದ್ಯುತ್ ಎಂದು ಹೇಗೆ ಕರೆಯುತ್ತೀರಿ? ತಂತಿ ಉದ್ದವಾದಷ್ಟೂ ವೋಲ್ಟೇಜ್ ಬೀಳುತ್ತದೆ, ಹೃದಯದಲ್ಲಿ ಬೀಳುವುದಿಲ್ಲವೇ?

ಪಿಯು ಜೀವಶಾಸ್ತ್ರ ಮೇಷ್ಟ್ರು

ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ. ತಂತಿ ಎನ್ನುವುದು ಮೊದಲ ಮೆಟ್ಟಿಲಿಗೆ ಮಾತ್ರ. ತಂತಿಯ ಒಳಗೆ ಎಲೆಕ್ಟ್ರಾನುಗಳು ಉದ್ದಕ್ಕೆ ಸಾಗುತ್ತವೆ. ಇಲ್ಲಿ ಅಯಾನುಗಳು ಮುಖ್ಯವಾಗಿ ಅಡ್ಡಕ್ಕೆ ಚಲಿಸುತ್ತವೆ, ಪೊರೆಯ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ಉದ್ದಕ್ಕೆ ಸಾಗುವುದು ಆ ಘಟನೆ.

ಮಲೆನಾಡಿನವರು ನೀವು, ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದನ್ನು ನೋಡಿದ್ದೀರಿ. ಒಂದು ಎಸಳು ಹತ್ತಿ ಪಕ್ಕದ್ದನ್ನು ಹೊತ್ತಿಸುತ್ತದೆ. ಪ್ರತಿ ಎಸಳೂ ತನ್ನದೇ ಕಸುವಿನಿಂದ ಉರಿಯುವುದರಿಂದ ಬೆಂಕಿ ಎಷ್ಟು ದೂರ ಹೋದರೂ ಬಡವಾಗುವುದಿಲ್ಲ. ಹೃದಯದ ಕೋಶಗಳೂ ಹಾಗೆ. ಒಂದರಿಂದ ಇನ್ನೊಂದಕ್ಕೆ ಅತಿ ಸಣ್ಣ ಸುರಂಗಗಳಿವೆ. ಪಕ್ಕದ ಕೋಶದ ಬಿಸಿ ಅಲ್ಲಿಂದ ತಾಗಿದೊಡನೆ ಈ ಕೋಶ ತನ್ನ ಬಾಗಿಲುಗಳನ್ನು ತಾನೇ ತೆರೆದುಕೊಂಡು ಪೂರ್ತಿ ವೋಲ್ಟೇಜನ್ನು ಹೊಸದಾಗಿ ಹುಟ್ಟಿಸುತ್ತದೆ. ಆದ್ದರಿಂದಲೇ ವೋಲ್ಟೇಜ್ ಬೀಳುವುದಿಲ್ಲ, ಆದ್ದರಿಂದಲೇ ನಿಧಾನ.

ಹೋಲಿಕೆ ಇನ್ನೂ ಸ್ವಲ್ಪ ದೂರ ನಡೆಯುತ್ತದೆ. ಸುಟ್ಟ ನೆಲಕ್ಕೆ ಬೆಂಕಿ ಹಿಂತಿರುಗಲಾರದು. ಒಮ್ಮೆ ಉರಿದ ಹೃತ್ಕುಕ್ಷಿಯ ಕೋಶವೂ ಸುಮಾರು ಕಾಲು ಸೆಕೆಂಡು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಅಷ್ಟರಲ್ಲಿ ಅಲೆ ಎಲ್ಲ ಕಡೆ ಮುಗಿದಿರುತ್ತದೆ, ಮುಂದಿನ ಕಿಡಿಗೆ ಹುಲ್ಲು ಹೊಸದಾಗಿ ಬೆಳೆದಿರುತ್ತದೆ.

ವಿದ್ಯುತ್ ಹೇಗೆ ಹಿಂಡುವಿಕೆಯಾಗುತ್ತದೆ ಎನ್ನುವುದಕ್ಕೆ ಉತ್ತರ ಕ್ಯಾಲ್ಸಿಯಂ. ಅಲೆಯೊಡನೆ ಒಳಬಂದ ಸ್ವಲ್ಪ ಕ್ಯಾಲ್ಸಿಯಂ ಕೋಶದ ಉಗ್ರಾಣದಲ್ಲಿರುವ ಹೆಚ್ಚಿನದನ್ನು ಹೊರಬಿಡಿಸುತ್ತದೆ, ಅದು ಸ್ನಾಯುತಂತುಗಳನ್ನು ಒಂದರೊಳಗೊಂದು ಜಾರಿಸುತ್ತದೆ. ಇದು ತಿಳಿದದ್ದು ನಲ್ಲಿ ನೀರಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್‌ನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದರು. ಬಟ್ಟಿ ಇಳಿಸಿದ ನೀರಿನಲ್ಲಿ ದ್ರಾವಣ ಮಾಡಿದಾಗ ಅದು ಸೊರಗಿ ನಿಂತಿತು. ವಿಚಾರಿಸಿದರೆ, ಹಿಂದಿನ ದ್ರಾವಣಗಳಿಗೆ ಊರಿನ ನಲ್ಲಿ ನೀರನ್ನೇ ಬಳಸಲಾಗಿತ್ತು. ಅದರಲ್ಲಿದ್ದ ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸಿತ್ತು. ನಾವು ಇಂದಿಗೂ ‘ರಿಂಗರ್ ಲ್ಯಾಕ್ಟೇಟ್’ ಬಾಟಲಿ ಹಾಕಿಸಿಕೊಳ್ಳುವಾಗ ಅವರ ಹೆಸರು ಹೇಳುತ್ತೇವೆ.

ಮೃದಂಗ, ಮೈಸೂರು

ಹಿಂದೆ ನಮ್ಮ ಅಜ್ಜಿಯ ನಾಡಿ ನೋಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದ್ದೆ. ಮೂರು ಪೆಟ್ಟು ಬಿದ್ದು ನಾಲ್ಕನೆಯದು ಬರುತ್ತಿರಲಿಲ್ಲ, ಮತ್ತೆ ಮೂರು, ಮತ್ತೆ ಖಾಲಿ. ಚತುರಶ್ರ ನಡೆಯಲ್ಲಿ ಕೊನೆಯ ಅಕ್ಷರವನ್ನು ಕಾರ್ವೆ ಬಿಟ್ಟ ಹಾಗೆ. ತಪ್ಪುತ್ತಿದ್ದದ್ದೂ ಲೆಕ್ಕದಲ್ಲೇ ತಪ್ಪುತ್ತಿತ್ತು. ಇದೂ ಬ್ಲಾಕ್ ಇರಬಹುದೇ?

ಡಿಎಂ ಹೃದ್ರೋಗ ವಿದ್ಯಾರ್ಥಿನಿ

ಇಸಿಜಿ ಇಲ್ಲದೆ ಹೇಳಲಾಗದು, ಆದರೆ ನಿಮ್ಮ ವರ್ಣನೆ ವೆಂಕೆಬಾಕ್ ಬ್ಲಾಕ್‌ಗೆ ಬಹಳ ಹತ್ತಿರ. ಎವಿ ನೋಡ್ ದಣಿಯುತ್ತಾ ಹೋಗುತ್ತದೆ. ಮೊದಲ ಸಂಕೇತವನ್ನು ಸ್ವಲ್ಪ ತಡೆದು ಬಿಡುತ್ತದೆ, ಎರಡನೆಯದನ್ನು ಇನ್ನೂ ತಡೆಯುತ್ತದೆ, ಮೂರನೆಯದನ್ನು ಮತ್ತೂ ತಡೆಯುತ್ತದೆ, ನಾಲ್ಕನೆಯದನ್ನು ಬಿಡುವುದೇ ಇಲ್ಲ. ಆ ಬಿಡುವಿನಲ್ಲಿ ಸುಧಾರಿಸಿಕೊಂಡು ಮೊದಲಿನಿಂದ ಶುರು ಮಾಡುತ್ತದೆ. ಡಚ್ ವೈದ್ಯ ವೆಂಕೆಬಾಕ್ ಇದನ್ನು 1899ರಲ್ಲಿ ಗುರುತಿಸಿದ್ದು ನಿಮ್ಮಂತೆಯೇ ನಾಡಿಯ ಲಯದಿಂದ. ಆಸ್ಪತ್ರೆಗಳಲ್ಲಿ ಇಸಿಜಿ ಬರುವುದಕ್ಕೆ ಮುಂಚೆ! ಐಂಥೊವನ್ ಲೈಡನ್‌ನಲ್ಲಿ ಕಟ್ಟಿದ ಯಂತ್ರ ಕೆಲಸಕ್ಕೆ ಬಂದದ್ದು 1901ರ ನಂತರ. ಅದು ಸುಮಾರು 270 ಕಿಲೊ ತೂಗುತ್ತಿತ್ತು. ಈ ಬಗೆಯ ಬ್ಲಾಕ್ ನಿದ್ದೆಯಲ್ಲಿ ಆರೋಗ್ಯವಂತರಿಗೂ ಬರಬಹುದು, ಬಹುಪಾಲು ನಿರಪಾಯ. ಸಾಗರದವರದು ಆ ಬಗೆಯದಲ್ಲ.

ಲೈನ್‌ಮನ್, ತೀರ್ಥಹಳ್ಳಿ

ಹುಲ್ಲಿನ ಬೆಂಕಿ ಎಂದಿರಿ, ಅಲ್ಲಿಗೆ ನನಗೆ ಬೆಳಕಾಯಿತು. ಜೊತೆಗೆ ಒಂದು ನೋವೂ ನೆನಪಾಯಿತು. ಹಲವು ವರ್ಷಗಳ ಹಿಂದೆ ನಮ್ಮ ಗ್ಯಾಂಗಿನ ಹುಡುಗನೊಬ್ಬನಿಗೆ 230 ವೋಲ್ಟ್ ತಗುಲಿತು. ಮೈಮೇಲೆ ಸುಟ್ಟ ಗಾಯವೇ ಇರಲಿಲ್ಲ. ಆದರೂ ಉಳಿಯಲಿಲ್ಲ. ಹೃದಯವೇ ವಿದ್ಯುತ್ತಿನಿಂದ ನಡೆಯುವುದಾದರೆ, ವಿದ್ಯುತ್ ಅದನ್ನು ಏಕೆ ನಿಲ್ಲಿಸುತ್ತದೆ?

ಡಿಎಂ ಹೃದ್ರೋಗ ವಿದ್ಯಾರ್ಥಿನಿ

ಅಣ್ಣಾ, ಓದಿ ಬಹಳ ಸಂಕಟವಾಯಿತು.

ಅದು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಲಯವನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಪ್ರತಿ ಬಡಿತದ ಕೊನೆಯಲ್ಲಿ, ಇಸಿಜಿಯ ‘ಟಿ’ ಅಲೆಯ ಹೊತ್ತಿಗೆ, ಕೆಲವು ಕೋಶಗಳು ಚೇತರಿಸಿಕೊಂಡಿರುತ್ತವೆ, ಕೆಲವು ಇನ್ನೂ ಇಲ್ಲ. ಅರ್ಧ ಹಸಿರು, ಅರ್ಧ ಸುಟ್ಟ ಬಯಲು. ಆ ಗಳಿಗೆಯಲ್ಲಿ ಹೊರಗಿನ ಕಿಡಿ ಬಿದ್ದರೆ ಬೆಂಕಿ ಸುಟ್ಟ ತುಂಡುಗಳನ್ನು ಬಳಸಿಕೊಂಡು ಸುತ್ತತೊಡಗುತ್ತದೆ. ಸುತ್ತಿ ಬರುವಷ್ಟರಲ್ಲಿ ಹುಲ್ಲು ಮತ್ತೆ ಬೆಳೆದಿರುತ್ತದೆ, ಆದ್ದರಿಂದ ಅದು ಆರುವುದೇ ಇಲ್ಲ. ಹೃತ್ಕುಕ್ಷಿ ಹಿಂಡುವುದನ್ನು ಬಿಟ್ಟು ಹುಳುಗಳ ಗಂಟಿನಂತೆ ಅದುರುತ್ತದೆ. ಇದು ಫಿಬ್ರಿಲೇಷನ್. ನಮ್ಮ 50 ಹರ್ಟ್ಸ್ ವಿದ್ಯುತ್ ಒಂದು ಬಡಿತದ ಅವಧಿಯಲ್ಲಿ ನಲವತ್ತು ಸಲ ಏರಿಳಿಯುತ್ತದೆ, ಆ ಕೆಟ್ಟ ಗಳಿಗೆ ತಪ್ಪುವುದೇ ಕಷ್ಟ. ಮನೆಯ ಆರ್‌ಸಿಸಿಬಿಯನ್ನು (ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್) 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂತೆ ಮಾಡಿರುವುದು ಇದೇ ಭಯಕ್ಕೆ.

ಎದೆಗೆ ಶಾಕ್ ಕೊಡುವ ಯಂತ್ರ, ಡಿಫಿಬ್ರಿಲೇಟರ್, ಮಾಡುವುದು ಇಷ್ಟೇ. ಒಂದೇ ಏಟಿಗೆ ಇಡೀ ಬಯಲನ್ನು ಸುಟ್ಟುಬಿಡುತ್ತದೆ, ಸುತ್ತುವ ಬೆಂಕಿಗೆ ಹುಲ್ಲೇ ಸಿಗದಂತೆ. ಆಮೇಲಿನ ಮೌನದಲ್ಲಿ ಮೊದಲು ಮಾತಾಡುವುದು ಎಸ್‌ಎ ನೋಡ್. ಪೂರ್ತಿ ನೇರ ಗೆರೆಯಾದ ಹೃದಯಕ್ಕೆ ಶಾಕ್ ಕೊಟ್ಟು ಎಬ್ಬಿಸುವುದು ಸಿನಿಮಾದಲ್ಲಿ ಮಾತ್ರ. ಯಂತ್ರ ಬರುವ ತನಕ ಎದೆಯ ನಡುವೆ ನಿಮಿಷಕ್ಕೆ 100–120ರಂತೆ, ಐದು ಸೆಂಟಿಮೀಟರ್ ಇಳಿಯುವ ಹಾಗೆ ಒತ್ತುತ್ತಿರಬೇಕು. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಗ್ಯಾಂಗಿನ ಪ್ರತಿಯೊಬ್ಬರೂ ಇದನ್ನು ಗೊಂಬೆಯ ಮೇಲೆ ಒತ್ತಿ ಕಲಿಯಲಿ. ನಾನು ಬಂದು ಕಲಿಸಲೂ ಸಿದ್ಧ.

ಲೈನ್‌ಮನ್, ತೀರ್ಥಹಳ್ಳಿ

ಖಂಡಿತ ಬನ್ನಿ ತಂಗಿ. ಹದಿನಾಲ್ಕು ಜನ ಇದ್ದೇವೆ.

ಅಡಿಕೆತೋಟ, ಸಾಗರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಮ್ಮ ಬರೆದ ಪೈಪು ಮತ್ತು ತಂತಿಯ ಮಾತನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮೋಟಾರು ಸರಿ ಇದೆ, ಸ್ಟಾರ್ಟರ್ ಕೆಟ್ಟಿದೆ ಅನ್ನು’ ಎಂದರು. ಇಂದು ಬೆಳಿಗ್ಗೆ ಪೇಸ್‌ಮೇಕರ್ ಹಾಕಿದರು. ಮೈ ಪೂರ್ತಿ ಮರಗಟ್ಟಿಸಲಿಲ್ಲ, ಎಡ ಕೊರಳೆಲುಬಿನ ಕೆಳಗೆ ಮಾತ್ರ. ಅಪ್ಪಯ್ಯ ಮಾತಾಡುತ್ತಲೇ ಇದ್ದರಂತೆ.

ಈಗ ಅತ್ತೆಗೆ ಹೆದರಿಕೆ. ಇನ್ನು ಮೊಬೈಲ್ ಮುಟ್ಟಬಾರದು, ತೋಟಕ್ಕೆ ಕಾಲಿಡಬಾರದು ಎನ್ನುತ್ತಿದ್ದಾರೆ. ನಮ್ಮಲ್ಲಿ ಕಾಡುಹಂದಿಗಾಗಿ ಹಾಕಿದ ಸೋಲಾರ್ ಬೇಲಿಯೂ ಇದೆ.

ನಿವೃತ್ತ ಇಸಿಜಿ ತಂತ್ರಜ್ಞೆ

ಅತ್ತೆಗೆ ಆರ್ನೆ ಲಾರ್ಸನ್ ಅವರ ಕಥೆ ಹೇಳು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಹತ್ತಿರ ಪ್ರಪಂಚದಲ್ಲೇ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡವರು. ದಿನಕ್ಕೆ ಹಲವು ಸಲ ಎಚ್ಚರ ತಪ್ಪುತ್ತಿದ್ದ ಗಂಡನಿಗಾಗಿ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಇಬ್ಬರನ್ನೂ ಬಿಡದೆ ಕಾಡಿದವರು ಹೆಂಡತಿ ಎಲ್ಸೆ ಮರೀ. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು ಅವರು 86 ವರ್ಷ ಬಾಳಿದರು. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಎಂಜಿನಿಯರೂ ಶಸ್ತ್ರವೈದ್ಯರೂ ಇರಲಿಲ್ಲ. ಈಗಿನ ಯಂತ್ರದ ಬ್ಯಾಟರಿ ಒಂದೇ ಹತ್ತು ವರ್ಷದ ಆಸುಪಾಸು ಬರುತ್ತದೆ.

ಮೊಬೈಲ್ ಬಳಸಬಹುದು. ಬಲ ಕಿವಿಗೆ ಹಿಡಿಯಲಿ, ಎಡ ಜೇಬಿನಲ್ಲಿ ಇಡುವುದು ಬೇಡ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ. ಕೆಲವು ವಾರ ಎಡಗೈಯನ್ನು ಭುಜದಿಂದ ಮೇಲೆತ್ತಬಾರದು, ಒಳಗಿನ ತಂತಿ ಕಚ್ಚಿಕೊಳ್ಳಬೇಕು. ಆದ್ದರಿಂದ ದೋಟಿ ಹಿಡಿಯುವ ಮಾತೇ ಬೇಡ. ತೋಟದಲ್ಲಿ ನಡೆದಾಡಲಿ, ಸೋಲಾರ್ ಬೇಲಿಯನ್ನು ಮಾತ್ರ ಮುಟ್ಟಬಾರದು. ಅದರ ಮಿಡಿತವನ್ನು ಯಂತ್ರ ಹೃದಯದ್ದೇ ಎಂದು ತಪ್ಪು ತಿಳಿದು ಸುಮ್ಮನಾಗಬಹುದು. ಕಳೆ ಕತ್ತರಿಸುವ ಯಂತ್ರ, ವೆಲ್ಡಿಂಗ್ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ, ಯಂತ್ರದ ಮಾದರಿಯ ಮೇಲೆ ಹೋಗುತ್ತದೆ. ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ಮೊದಲೇ ಹೇಳಬೇಕು. ಅವರು ಕೊಡುವ ಗುರುತಿನ ಚೀಟಿ ಸದಾ ಜೇಬಿನಲ್ಲಿರಲಿ.

ಒಂದು ಮಾತು ಈಗ ಹೇಳುವುದು ಕಷ್ಟ, ಆದರೂ ಮನೆಯ ಒಬ್ಬರಿಗೆ ಗೊತ್ತಿರಬೇಕು. ದೇಹವನ್ನು ಸುಡುವ ಪದ್ಧತಿ ಇರುವವರು, ಎಷ್ಟೇ ವರ್ಷದ ನಂತರವಾಗಲಿ, ಮೊದಲು ಯಂತ್ರವನ್ನು ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ಅಡಿಕೆತೋಟ, ಸಾಗರ

ಅರ್ಥವಾಯಿತು ಅಮ್ಮ. ಬರೆದಿಟ್ಟುಕೊಂಡಿದ್ದೇನೆ.

ಇಂದು ಮತ್ತೆ ಇಸಿಜಿ ತೆಗೆದರು. ಮುಂಚೆಯಾಗಿದ್ದರೆ ಆ ಹಾಳೆಯನ್ನು ಮಡಚಿ ಫೈಲಿಗೆ ಸೇರಿಸುತ್ತಿದ್ದೆ, ಇಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಪಿ ಅಲೆಯ ಹಿಂದೆಯೂ ಒಂದು ಶಿಖರ ಬಂದಿದೆ. ಆದರೆ ಶಿಖರದ ಮುಂದೆ ಕೂದಲೆಳೆಯಂಥ ನೆಟ್ಟಗಿನ ಗೆರೆಯೊಂದಿದೆ, ಶಿಖರವೂ ಮೊದಲಿಗಿಂತ ಅಗಲ. ಇದು ತೊಂದರೆಯೇ?

ನಿವೃತ್ತ ಇಸಿಜಿ ತಂತ್ರಜ್ಞೆ

ತೊಂದರೆಯಲ್ಲ. ಆ ಕೂದಲೆಳೆಯೇ ಪೇಸ್‌ಮೇಕರ್ ಕೊಟ್ಟ ಕಿಡಿ. ಯಂತ್ರದ ಒಂದು ತಂತಿ ಮೇಲಿನ ಕೋಣೆಯ ಪಿ ಅಲೆಯನ್ನು ಕೇಳಿಸಿಕೊಳ್ಳುತ್ತದೆ, ಎವಿ ನೋಡ್ ಕಾಯುತ್ತಿದ್ದಂತೆಯೇ ಸ್ವಲ್ಪ ಕಾಯುತ್ತದೆ, ಆಮೇಲೆ ಇನ್ನೊಂದು ತಂತಿಯಿಂದ ಕೆಳಗಿನ ಬಲ ಕೋಣೆಗೆ ಕಿಡಿ ಕೊಡುತ್ತದೆ. ಆ ಕಿಡಿ ಪರ್ಕಿಂಜೆಯ ಹೆದ್ದಾರಿ ಹಿಡಿಯದೆ ಸ್ನಾಯುವಿನಿಂದ ಸ್ನಾಯುವಿಗೆ ಕಾಲುದಾರಿಯಲ್ಲಿ ಹೋಗುವುದರಿಂದ ಶಿಖರ ಅಗಲವಾಗಿದೆ. ಅಪ್ಪಯ್ಯನ ಎಸ್‌ಎ ನೋಡ್ ಇನ್ನೂ ಗಟ್ಟಿಯಾಗಿರುವುದರಿಂದ ಅವರು ಗುಡ್ಡ ಹತ್ತಿದರೆ ಪಿ ಅಲೆ ವೇಗವಾಗುತ್ತದೆ, ಯಂತ್ರವೂ ಅದರ ಹಿಂದೆಯೇ ಓಡುತ್ತದೆ. ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸು. 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಬರುತ್ತದೆ.

ಅಡಿಕೆತೋಟ, ಸಾಗರ

ನಾಲ್ಕು ಚೌಕ. 75.